ಕುಶಾಲಿಗೆ ಮಾಡಿದ್ದಂತೆ

ಜುಲೈಯಲ್ಲಿ ಮಂಗಳೂರಿಗೆ ಬಂದಿದ್ದೆ. ರಾತ್ರಿ ಊಟವಾದ ಕೂಡಲೇ ಅಕ್ಕನ ಮಗ ಅವಳ ಮೊಬೈಲ್ ಹಿಡಿದು ಕೂರುತ್ತಿದ್ದ. “ಮಾಮ, ನಾಳೆ ಡಿಸಿ ರಜೆ ಕೊಡಬಹುದಾ?” ಮಳೆಗಾಲದಲ್ಲಿ ಜಿಲ್ಲಾಧಿಕಾರಿಯ ರಜೆಗೆ ಕಾಯದ ಮಗು ಕರಾವಳಿಯಲ್ಲಿ ಯಾವುದಿದೆ? ಆದರೆ ಮಳೆ ಬಿಟ್ಟು ನಕ್ಷತ್ರ ಕಾಣುತ್ತಿದ್ದ ರಾತ್ರಿಯೂ ಅವನು ಅದನ್ನೇ ಕೇಳಿದ. ಸೋಮವಾರ ಬೆಳಗ್ಗೆ ಹೊಟ್ಟೆನೋವು ಎಂದ. ಮತ್ತೆರಡು ದಿನ ಬಿಟ್ಟು ಬಾಯಿಬಿಟ್ಟ.

ಗಟ್ಟಿಯಾಗಿ ಓದುವಾಗ ಅವನ ಮಾತು ತೊದಲುತ್ತದೆ. ಆರನೇ ತರಗತಿಯ ಹುಡುಗನೊಬ್ಬ ಆ ತೊದಲನ್ನು ಅಣಕಿಸಿ, ಧ್ವನಿ ಮುದ್ರಿಸಿ, ಮಕ್ಕಳ ವಾಟ್ಸ್ಆ್ಯಪ್ ಗುಂಪಿಗೆ ಹಾಕಿದ್ದ. ಅದರ ಕೆಳಗೆ ಇಪ್ಪತ್ತಮೂರು ನಗುವ ಮುಖಗಳು. ನಾನು ಎಣಿಸಿದ್ದಲ್ಲ, ಅವನು ಎಣಿಸಿಟ್ಟುಕೊಂಡಿದ್ದ. ಅಕ್ಕ ಶಾಲೆಗೆ ಹೋಗಿ ಹೇಳಿದ್ದಕ್ಕೆ ಸಿಕ್ಕ ಉತ್ತರ: “ಮಕ್ಕಳು ಕುಶಾಲಿಗೆ ಮಾಡಿದ್ದು ಅಮ್ಮ. ನಿಮ್ಮ ಹುಡುಗ ಸ್ವಲ್ಪ ಗಟ್ಟಿಯಾಗಬೇಕು.”

ಈ ‘ಕುಶಾಲು’, ಅಂದರೆ ತಮಾಷೆ, ನಮ್ಮ ಕಡೆಯ ಮಾತು. ಉಡುಪಿಯಲ್ಲಿ ಬೆಳೆದ ನನಗೆ ಅದರ ಸಿಹಿಯೂ ಗೊತ್ತು. ಕಟ್ಟೆಯಲ್ಲಿ ಕೂತು ಒಬ್ಬರನ್ನೊಬ್ಬರು ಕಿಚಾಯಿಸದಿದ್ದರೆ ನಮಗೆ ಸಂಜೆ ಕಳೆಯುವುದಿಲ್ಲ. ಅಲ್ಲಿ ಈ ಹೊತ್ತು ನಕ್ಕವನು ಮುಂದಿನ ಹೊತ್ತು ನಗೆಗೀಡಾಗುತ್ತಾನೆ. ದಿನವೂ ಒಬ್ಬನೇ ನಗೆಗೀಡಾದರೆ, ತಿರುಗಿ ಹೇಳಲು ಅವನಿಗೆ ಬಾಯಿಯೇ ಇಲ್ಲದಿದ್ದರೆ, ಅದು ಕುಶಾಲಲ್ಲ, ಕಾಟ.

ಇದನ್ನು ಹೇಳುವ ಮೊದಲು ನನ್ನದನ್ನು ಹೇಳಬೇಕು. ಮಲ್ಪೆಯ ಹತ್ತಿರ ನಾನು ಏಳನೆಯ ತರಗತಿಯಲ್ಲಿದ್ದಾಗ ನಮ್ಮಲ್ಲೊಬ್ಬ ಹುಡುಗನಿದ್ದ. ತಾಯಿ ಬುಟ್ಟಿ ಹೊತ್ತು ಮೀನು ಮಾರುತ್ತಿದ್ದರು. ನಾವು ಅವನಿಗೆ ‘ಬೂತಾಯಿ’ ಎಂದು ಮೀನಿನ ಹೆಸರಿಟ್ಟಿದ್ದೆವು. ಹಾಜರಿ ಕರೆದಾಗ ಅವನು ಎದ್ದು ನಿಂತರೆ ಹಿಂದಿನ ಬೆಂಚಿನವನು ಜೋರಾಗಿ ಮೂಗೆಳೆಯುತ್ತಿದ್ದ, ತರಗತಿ ಗೊಳ್ಳೆಂದು ನಗುತ್ತಿತ್ತು. ನಗುತ್ತಿದ್ದವರಲ್ಲಿ ಹೆಚ್ಚಿನವರ ಮನೆಯಲ್ಲಿ ಅದೇ ಬೂತಾಯಿಯ ಪುಳಿಮುಂಚಿ ಬೇಯುತ್ತಿತ್ತು, ನಮ್ಮ ಮನೆಯಲ್ಲಿಯೂ. ಅವನು ಲಿಂಬೆ ಸಿಪ್ಪೆಯಿಂದ ಕೈ ಉಜ್ಜಿಕೊಂಡು ಬರುತ್ತಿದ್ದ. ಬೆರಳ ಸಂದಿಯ ಚರ್ಮ ಸುಲಿದು ಬಿಳಿಚಿಕೊಂಡಿತ್ತು. ಎಂಟನೆಯ ತರಗತಿಗೆ ಅವನು ಬರಲಿಲ್ಲ. ನಾನು ಒಂದು ದಿನವೂ ಮೂಗೆಳೆದವನಲ್ಲ. ನಕ್ಕವನು.

ಈ ಸಲ ಮಲ್ಪೆ ಬಂದರಿನಲ್ಲಿ ಅವನು ಸಿಕ್ಕಿದ. ಜೂನ್ 1ರಿಂದ ಜುಲೈ 31ರ ತನಕ ಯಾಂತ್ರಿಕ ದೋಣಿಗಳು ಕಡಲಿಗೆ ಇಳಿಯುವಂತಿಲ್ಲ, ಬಲೆ ರಿಪೇರಿ ಮಾಡುತ್ತಿದ್ದ. ಗುರುತು ಹಿಡಿದು ಚಹಾ ಕುಡಿಸಿದ. ನಾನೇ ಆ ಮಾತೆತ್ತಿ ತಪ್ಪೊಪ್ಪಿಕೊಂಡೆ. ಮೂಗೆಳೆದವನ ಹೆಸರು ಅವನಿಗೆ ಮರೆತೇ ಹೋಗಿತ್ತು. “ನೀವೆಲ್ಲ ಎಲ್ಲೆಲ್ಲಿ ಕೂತಿದ್ದಿರಿ ಎಂಬುದು ಮಾತ್ರ ನೆನಪಿದೆ” ಎಂದ.

ಹನ್ನೊಂದು ವರ್ಷದಿಂದ ನಾನು ಫಿನ್ಲೆಂಡಿನ ತುರ್ಕು ನಗರದಲ್ಲಿದ್ದೇನೆ. ಅಲ್ಲಿನ ವಿಶ್ವವಿದ್ಯಾಲಯದಲ್ಲೇ 2006ರಲ್ಲಿ, ಕ್ರಿಸ್ಟಿನಾ ಸಾಲ್ಮಿವಲ್ಲಿ ಅವರ ನೇತೃತ್ವದಲ್ಲಿ, ‘ಕಿವಾ’ ಎಂಬ ಕಾರ್ಯಕ್ರಮ ರೂಪುಗೊಳ್ಳಲು ಶುರುವಾಯಿತು. ‘ಕಾಟದ ವಿರುದ್ಧ’ ಎಂಬ ಫಿನ್ನಿಶ್ ಮಾತಿನ ಮೊದಲಕ್ಷರಗಳಿಂದ ಆದ ಹೆಸರು. ಆ ಭಾಷೆಯಲ್ಲಿ ಕಿವಾ ಎಂದರೆ ‘ಚೆನ್ನಾಗಿದೆ’ ಎಂದೂ ಅರ್ಥ. 2009ರಿಂದ ಅದು ದೇಶದ ಶಾಲೆಗಳಿಗೆ ಹಬ್ಬಿತು. ಕಾಟ ಕೊಡುವವನು, ಪಡುವವನು ಎಂಬ ಇಬ್ಬರನ್ನಷ್ಟೇ ಅದು ನೋಡುವುದಿಲ್ಲ. ಕೈಜೋಡಿಸುವವರು, ನಕ್ಕು ಹುರಿದುಂಬಿಸುವವರು, ಕಂಡೂ ಕಾಣದಂತೆ ಇರುವವರು, ಪಡುವವನ ಪರ ನಿಲ್ಲುವವರು ಎಲ್ಲರೂ ಲೆಕ್ಕಕ್ಕೆ ಬರುತ್ತಾರೆ. ಕಾಟ ಕೊಡುವವನಿಗೆ ನಗುವೇ ಕೂಲಿ, ಅದು ನಿಂತರೆ ಆಟವೂ ನಿಲ್ಲುತ್ತದೆ ಎಂಬುದು ಇದರ ತಿರುಳು.

ಅದರಲ್ಲಿ ತಿಂಗಳಿಗೊಂದರಂತೆ ಪಾಠಗಳಿವೆ, ಹೆಚ್ಚಿನಂಶ ಚರ್ಚೆ ಮತ್ತು ಪಾತ್ರಾಭಿನಯ. ಆಟದ ಬಿಡುವಿನಲ್ಲಿ ಶಿಕ್ಷಕರು ಎದ್ದು ಕಾಣುವ ಮೇಲಂಗಿ ತೊಟ್ಟು ಅಂಗಳದಲ್ಲಿ ನಿಲ್ಲುತ್ತಾರೆ. ದೂರು ಬಂದರೆ ಶಾಲೆಯ ಒಂದು ಸಣ್ಣ ತಂಡ ಮೊದಲು ನೊಂದ ಮಗುವಿನೊಡನೆ, ಬಳಿಕ ಕಾಟ ಕೊಟ್ಟವರೊಡನೆ ಒಬ್ಬೊಬ್ಬರನ್ನೇ ಕರೆದು ಮಾತಾಡುತ್ತದೆ. ನನಗೆ ಬಹಳ ಹಿಡಿಸಿದ್ದು ಮುಂದಿನದು. ತರಗತಿಯಲ್ಲಿ ನಾಲ್ಕು ಜನರ ಮೆಚ್ಚುಗೆಯಿರುವ ಎರಡು ಮೂರು ಮಕ್ಕಳನ್ನು ಕರೆದು, ‘ಇವನ ಜೊತೆ ಇರಿ’ ಎಂದು ಕೇಳಿಕೊಳ್ಳುತ್ತಾರೆ. ಕೆಲವು ವಾರ ಬಿಟ್ಟು ಎಲ್ಲರನ್ನೂ ಮತ್ತೆ ಕರೆದು ವಿಚಾರಿಸುತ್ತಾರೆ.

ಫಿನ್ಲೆಂಡ್ ಸ್ವರ್ಗವೇನಲ್ಲ. 2020ರ ಡಿಸೆಂಬರಿನಲ್ಲಿ ಹೆಲ್ಸಿಂಕಿಯ ಕೊಸ್ಕೆಲಾದಲ್ಲಿ ಹದಿನಾರರ ಹುಡುಗನೊಬ್ಬನನ್ನು ಅವನ ವಯಸ್ಸಿನವರೇ ಕೊಂದರು. ಆ ಮಗು ವರ್ಷಗಟ್ಟಲೆ ಕಾಟ ಅನುಭವಿಸಿತ್ತು. ಕಿವಾದ ಫಲವೂ ಕಿರಿಯ ತರಗತಿಗಳಲ್ಲಿ ಹೆಚ್ಚು, ಏಳರಿಂದ ಒಂಬತ್ತರಲ್ಲಿ ಕಡಿಮೆ. ಆದ್ದರಿಂದಲೇ ನಾನು ಚಿಕ್ಕ ಮಕ್ಕಳಿಂದ ಶುರುವಾಗಲಿ ಎನ್ನುವುದು.

ನಮ್ಮಲ್ಲಿ ಅದು ತಲೆಕೆಳಗಾಗಿದೆ. ಕಾಲೇಜುಗಳ ಗೇಟಿನಲ್ಲಿ ರ‍್ಯಾಗಿಂಗ್ ನಿಷೇಧದ ಫಲಕವಿದೆ, ಯುಜಿಸಿಯ 2009ರ ನಿಯಮವಿದೆ, ವಿದ್ಯಾರ್ಥಿಯೂ ಪಾಲಕರೂ ಮುಚ್ಚಳಿಕೆ ಬರೆದುಕೊಡುತ್ತಾರೆ. ಹದಿನೆಂಟಕ್ಕೆ ಆ ಕಾಗದಕ್ಕೆ ಸಹಿ ಹಾಕುವವನು ಎಂಟರಲ್ಲಿ ಏನು ಕಲಿತಿದ್ದ? ಅದೇ ವರ್ಷದ ಶಿಕ್ಷಣ ಹಕ್ಕು ಕಾಯ್ದೆಯ 17ನೇ ಸೆಕ್ಷನ್ ಮಗುವಿಗೆ ದೈಹಿಕ ಶಿಕ್ಷೆ, ಮಾನಸಿಕ ಕಿರುಕುಳ ಕೂಡದೆಂದು ಹೇಳುತ್ತದೆ. ಶಾಲೆಗಳಲ್ಲಿ ಅದನ್ನು ಬೆತ್ತ ಹಿಡಿದ ಕೈಗೆ ಹೇಳಿದ್ದೆಂದಷ್ಟೇ ಓದಿಕೊಂಡಿದ್ದೇವೆ. ಮಗುವೇ ಮಗುವಿಗೆ ಕೊಡುವ ಕಾಟಕ್ಕೆ ನಮ್ಮಲ್ಲಿರುವುದು ಎರಡೇ ಮದ್ದು: ಪಡುವವನಿಗೆ ‘ಲಕ್ಷ್ಯ ಕೊಡಬೇಡ’, ಕೊಡುವವನಿಗೆ ಎರಡೇಟು. ನಕ್ಕ ಇಪ್ಪತ್ತಮೂರು ಮಂದಿಯನ್ನು ಯಾರೂ ಏನೂ ಕೇಳುವುದಿಲ್ಲ.

ಇದಕ್ಕೆ ಫಿನ್ಲೆಂಡಿನಿಂದ ಪುಸ್ತಕ ತರಿಸಬೇಕಾಗಿಲ್ಲ. ಕುಂದಾಪುರದ ಕೆರಾಡಿಯಂಥ ಹಳ್ಳಿಗಳ ಮಕ್ಕಳು 1990ರ ದಶಕದಲ್ಲೇ ಮಕ್ಕಳ ಪಂಚಾಯತ್ ಕಟ್ಟಿಕೊಂಡು ತಮ್ಮ ಕಷ್ಟಗಳನ್ನು ತಾವೇ ಹೇಳಿದ್ದರು. ಈಗ ಗ್ರಾಮ ಪಂಚಾಯತ್‌ಗಳಲ್ಲಿ ಮಕ್ಕಳ ಗ್ರಾಮಸಭೆ ನಡೆಯುತ್ತದೆ. ಅಲ್ಲಿ ಶೌಚಾಲಯ, ಕಾಲುಸಂಕದ ಮಾತಿನ ಜೊತೆ ಇದೂ ಬರಲಿ. ಪಾತ್ರಾಭಿನಯ ನಮಗೆ ಯಾರು ಕಲಿಸಬೇಕು? ಉಡುಪಿಯ ಎಷ್ಟೋ ಪ್ರೌಢಶಾಲೆಗಳಲ್ಲಿ ಮಕ್ಕಳು ಯಕ್ಷಗಾನ ಕಲಿಯುತ್ತಿದ್ದಾರೆ. ಗೆಜ್ಜೆ ಕಟ್ಟಿ ರಾಕ್ಷಸನಾಗಬಲ್ಲ ಹುಡುಗನಿಗೆ, ಹತ್ತು ನಿಮಿಷ ತೊದಲುವ ಹುಡುಗನಾಗಿ ತರಗತಿಯ ಎದುರು ನಿಂತು, ನಗು ಎಲ್ಲಿ ತಾಗುತ್ತದೆಂದು ತಿಳಿಯಲು ಕಷ್ಟವಾಗದು.

ಹೊರಡುವ ಮುನ್ನ ಆ ಶಾಲೆಗೆ ಒಂದು ಪತ್ರ ಬರೆದು ಕೊಟ್ಟೆ. ಅಣಕಿಸಿದವನಿಗೆ ಶಿಕ್ಷೆ ಬೇಡ, ತಿಂಗಳಿಗೊಂದು ಶನಿವಾರ ಇಡೀ ತರಗತಿಯನ್ನು ಕೂರಿಸಿಕೊಂಡು ಒಂದು ಪಿರಿಯಡ್ ಮಾತಾಡಿ ಎಂದಷ್ಟೇ ಕೇಳಿದ್ದೇನೆ. ಉತ್ತರ ಇನ್ನೂ ಬಂದಿಲ್ಲ. ಮುಂದಿನ ಜುಲೈಯಲ್ಲಿ ಊರಿಗೆ ಬಂದಾಗ ನಾನೇ ಹೋಗಿ ಮತ್ತೆ ಕೇಳುತ್ತೇನೆ.