ಹಸಿವಿನ ಆಟಕ್ಕೆ ಸ್ಯಾಂಡ್‌ವಿಚ್ ಪ್ರಾಯೋಜಕರು

2013ರಲ್ಲಿ ‘ದ ಹಂಗರ್ ಗೇಮ್ಸ್’ ಸರಣಿಯ ಎರಡನೇ ಸಿನಿಮಾ ‘ಕ್ಯಾಚಿಂಗ್ ಫೈರ್’ ತೆರೆಗೆ ಬಂದಾಗ ಅಮೆರಿಕದಲ್ಲಿ ಅದರ ಪ್ರಚಾರಕ್ಕೆ ಕೈಜೋಡಿಸಿದವರು ಸಬ್‌ವೇ ಸ್ಯಾಂಡ್‌ವಿಚ್ ಅಂಗಡಿಯವರು. ಹೆಸರಿನಲ್ಲೇ ಹಸಿವಿರುವ ಕಥೆಗೆ ಒಂದಡಿ ಉದ್ದದ ಸ್ಯಾಂಡ್‌ವಿಚ್! ಅದೂ ಖಾರದ್ದು, ‘ಫೈರ್’ ಎಂಬ ಹೆಸರಿಗೆ ಹೊಂದಲಿ ಅಂತ. ಈ ಐಡಿಯಾವನ್ನು ಮೀಟಿಂಗಿನಲ್ಲಿ ಎದ್ದು ನಿಂತು ಹೇಳಿದ ಪುಣ್ಯಾತ್ಮ ಯಾರೋ ಗೊತ್ತಿಲ್ಲ. ಸುತ್ತ ಕೂತವರು ನಗದೆ ತಲೆಯಾಡಿಸಿದರಲ್ಲ, ಅವರಿಗೆ ನನ್ನ ನಮಸ್ಕಾರ.

ಈ ಸಿನಿಮಾಗಳಿಗೆ ಮೂಲವಾದ, ಸುಜಾನ್ ಕಾಲಿನ್ಸ್ ಬರೆದ ಪುಸ್ತಕ ಓದದವರಿಗಾಗಿ ಎರಡು ಮಾತು. ಪನೆಮ್ ಅಂತೊಂದು ದೇಶ. ಅದಕ್ಕೆ ಝಗಮಗಿಸುವ ರಾಜಧಾನಿ ಕ್ಯಾಪಿಟಲ್, ಅದಕ್ಕೆ ದುಡಿದು ಹಾಕಲು 12 ಜಿಲ್ಲೆಗಳು. ಹಿಂದೆ ಯಾವತ್ತೋ ದಂಗೆ ಎದ್ದ ತಪ್ಪಿಗೆ ಒಂದೊಂದು ಜಿಲ್ಲೆಯೂ ಪ್ರತಿ ವರ್ಷ ಒಬ್ಬ ಹುಡುಗ, ಒಬ್ಬ ಹುಡುಗಿಯನ್ನು ಚೀಟಿ ಎತ್ತಿ ಕಳಿಸಬೇಕು. ವಯಸ್ಸು 12ರಿಂದ 18. ಆ 24 ಮಕ್ಕಳು ಪರಸ್ಪರ ಕೊಂದುಕೊಂಡು ಕೊನೆಗೊಬ್ಬರು ಉಳಿಯುವವರೆಗೆ ಟಿವಿಯಲ್ಲಿ ನೇರ ಪ್ರಸಾರ.

ಚೀಟಿಯ ವ್ಯವಹಾರ ಇನ್ನೂ ಸೊಗಸಾಗಿದೆ. ಮನೆಯಲ್ಲಿ ಕಾಳಿಲ್ಲದವರು ತಮ್ಮ ಹೆಸರಿನ ಇನ್ನೊಂದು ಚೀಟಿ ಹಾಕಿದರೆ ಒಬ್ಬರಿಗೆ ಒಂದು ವರ್ಷಕ್ಕಾಗುವ ಕಾಳು, ಎಣ್ಣೆ ಸಿಗುತ್ತದೆ. ವರ್ಷಕ್ಕಾಗುವ ಅಂದರೆ ಅರೆಹೊಟ್ಟೆಯ ಲೆಕ್ಕದಲ್ಲಿ. ಮನೆಯಲ್ಲಿ ಎಷ್ಟು ಬಾಯಿಯೋ ಅಷ್ಟು ಚೀಟಿ, ಮತ್ತೆ ಹಾಕಿದ ಚೀಟಿ ವರ್ಷದಿಂದ ವರ್ಷಕ್ಕೆ ಕೂಡುತ್ತಲೇ ಹೋಗುತ್ತದೆ. ಹೀಗಾಗಿ 16 ವರ್ಷದ ಕಥಾನಾಯಕಿ ಕ್ಯಾಟ್ನಿಸ್ ಹೆಸರಲ್ಲಿ 20 ಚೀಟಿ. ಹೆಚ್ಚು ಹಸಿದವನಿಗೆ ಹೆಚ್ಚು ಸಾವು, ಅಷ್ಟೇ ಕಾನೂನು. ನ್ಯಾಯಬೆಲೆ ಅಂಗಡಿ ಮುಂದೆ ಚೀಲ ಹಿಡಿದು ನಿಂತು, ಹೆಬ್ಬೆಟ್ಟು ಹತ್ತದ ಯಂತ್ರದೆದುರು ‘ಇನ್ನೊಂದ್ಸಲ ಒತ್ತಿ, ಸರ್ವರ್ ಇಲ್ಲ’ ಅನ್ನಿಸಿಕೊಂಡವರಿಗೆ ಈ ಪುಟ ಬಿಡಿಸಿ ಹೇಳಬೇಕಿಲ್ಲ. ಹದಿಹರೆಯದವರಿಗೆಂದು ಬಂದ ಇಂಥ ಪುಸ್ತಕಗಳ ರಾಶಿಯಲ್ಲಿ ಇಷ್ಟು ನೆಟ್ಟಗೆ ಬರೆದ ಪುಟ ನನಗಂತೂ ಇನ್ನೊಂದು ಸಿಕ್ಕಿಲ್ಲ.

ಆ ಪುಟವನ್ನು ಓದಿ ಮಾರುಕಟ್ಟೆಯವರು ಮಾಡಿದ್ದೇನು? ಕವರ್‌ಗರ್ಲ್ ಎಂಬ ಸೌಂದರ್ಯವರ್ಧಕ ಕಂಪನಿ ‘ಕ್ಯಾಪಿಟಲ್’ ಹೆಸರಿನಲ್ಲೇ ಮೇಕಪ್ ಸಾಮಾನು ಬಿಟ್ಟಿತು. ಜಿಲ್ಲೆಗೊಂದರಂತೆ 12 ನಮೂನೆ. ಕಲ್ಲಿದ್ದಲ ಧೂಳು ತಿಂದು ಸಾಯುವ 12ನೇ ಜಿಲ್ಲೆಯವರಿಗೂ ಕಣ್ಣಿಗೆ, ತುಟಿಗೆ, ಉಗುರಿಗೆ ಬಣ್ಣ! ಹೊಟ್ಟೆಗೆ ಹಿಟ್ಟಿಲ್ಲದಿದ್ದರೂ ಜುಟ್ಟಿಗೆ ಮಲ್ಲಿಗೆ ಹೂ ಅಂದ ನಮ್ಮ ಹಿರಿಯರು ಮಲ್ಲಿಗೆ ಮಾರುವವನ ಬಗ್ಗೆ ಏನೂ ಹೇಳದೆ ಹೋದರು. ದುಬೈನ ಮೋಷನ್‌ಗೇಟ್ ಎಂಬ ಮನರಂಜನಾ ಪಾರ್ಕಿನಲ್ಲಿ ‘ಕ್ಯಾಪಿಟಲ್ ಬುಲೆಟ್ ಟ್ರೈನ್’ ಇದೆ. ಕಥೆಯಲ್ಲಿ ಆರಿಸಿದ ಮಕ್ಕಳನ್ನು ಸಾಯಿಸಲು ರಾಜಧಾನಿಗೆ ಒಯ್ಯುವ ರೈಲು. ಪಾರ್ಕಿನಲ್ಲಿ ಅದು ರೋಲರ್ ಕೋಸ್ಟರ್. ಬೆಲ್ಟ್ ಹಾಕಿಕೊಂಡು ಕೂತರೆ ಕಿರುಚಿಕೊಂಡು ವಾಪಸ್ ಬರಬಹುದು.

ಇದನ್ನೆಲ್ಲ ನೋಡಿ ಕೆಲವರು ಪುಸ್ತಕವನ್ನು ಓದದೆ ಮಾಡಿದ ಕೆಲಸ ಅನ್ನುತ್ತಾರೆ. ನನಗೆ ಹಾಗನ್ನಿಸುವುದಿಲ್ಲ. ಚೆನ್ನಾಗಿ ಓದಿದ್ದಾರೆ. ಪ್ರಾಯೋಜಕರು ಅನ್ನುವವರು ಪುಸ್ತಕದೊಳಗೇ ಇದ್ದಾರಲ್ಲ! ಕಣದಲ್ಲಿ ಸಾಯುತ್ತಿರುವ ಮಕ್ಕಳಲ್ಲಿ ಯಾರು ಟಿವಿಯಲ್ಲಿ ಚೆಂದ ಕಾಣುತ್ತಾರೋ ಅವರಿಗೆ ರಾಜಧಾನಿಯ ಶ್ರೀಮಂತರು ದುಡ್ಡು ಕಟ್ಟಿ ಔಷಧಿ, ಊಟ ಕಳಿಸುತ್ತಾರೆ. ಬೆಳ್ಳಿಬಣ್ಣದ ಪುಟಾಣಿ ಪ್ಯಾರಾಚೂಟಿನಲ್ಲಿ ಅದು ಇಳಿಯುತ್ತದೆ. ಒಂದೇ ಒಂದು ಸಲ ಈ ವ್ಯವಸ್ಥೆ ದಾರಿ ತಪ್ಪುತ್ತದೆ. ರೂ ಎಂಬ ಪುಟ್ಟ ಹುಡುಗಿ ಸತ್ತಾಗ ಕ್ಯಾಟ್ನಿಸ್ ಅವಳ ಮೈಗೆ ಹೂವಿಡುತ್ತಾಳೆ. ಅದಾದ ಮೇಲೆ ಅವಳಿಗೊಂದು ಬ್ರೆಡ್ ಇಳಿದು ಬರುತ್ತದೆ. ಕಪ್ಪು ಹಿಟ್ಟಿನ, ಬಾಲಚಂದ್ರನ ಆಕಾರದ, ಮೇಲೆ ಕಾಳು ಉದುರಿಸಿದ ಬ್ರೆಡ್. ತಮಗೇ ಗತಿಯಿಲ್ಲದ 11ನೇ ಜಿಲ್ಲೆಯವರು, ರೂ ಊರಿನವರು, ದುಡ್ಡು ಕೂಡಿಸಿ ಬೇರೆ ಜಿಲ್ಲೆಯ ಹುಡುಗಿಗೆ ಕಳಿಸಿದ್ದು. ಇಡೀ ಸರಣಿಯಲ್ಲಿ ನೆನಪಿನಲ್ಲಿ ಉಳಿಯುವ ತಿಂಡಿ ಅದೊಂದೇ. ಒಂದಡಿ ಸ್ಯಾಂಡ್‌ವಿಚ್‌ನವರು ಇದೇ ಅಧ್ಯಾಯ ಓದಿ ‘ಓಹೋ, ಆಹಾರ ವಿಭಾಗದಲ್ಲಿ ಅವಕಾಶ ಇದೆ’ ಅಂತ ಗುರುತು ಹಾಕಿಕೊಂಡಿರಬೇಕು.

2020ರಲ್ಲಿ ಈ ಸರಣಿಯ ಪೂರ್ವಕಥೆ ಬಂತು. ಖಳನಾಯಕ ಸ್ನೋ ಅದರಲ್ಲಿ 18ರ ಚೆಲುವ ಹುಡುಗ. ನೋಡುವವರು ಬಾಜಿ ಕಟ್ಟಲಿ, ತಮಗೆ ಬೇಕಾದವರಿಗೆ ತಿಂಡಿ ಕಳಿಸಲಿ, ಆಗ ಆಟ ಕಳೆಗಟ್ಟುತ್ತದೆ ಎಂಬ ಉಪಾಯ ಹೊಳೆಯುವುದು ಅವನ ತಲೆಗೇ. ಪ್ರಾಯೋಜಕತ್ವ ಕಂಡುಹಿಡಿದವನು ಯಾರೆಂದು ಲೇಖಕಿ ಹೆಸರು ಹಿಡಿದು ಹೇಳಿಬಿಟ್ಟರು. ಯಾರೂ ಬೇಜಾರು ಮಾಡಿಕೊಳ್ಳಲಿಲ್ಲ. 2023ರಲ್ಲಿ ಅದೂ ಸಿನಿಮಾ ಆಯಿತು.

ಸಿನಿಮಾ ಅಂದಾಗ ನೆನಪಾಯಿತು, ಕೊನೆಯ ಪುಸ್ತಕವನ್ನು ಸೀಳುವ ಶಾಸ್ತ್ರ. ಹ್ಯಾರಿ ಪಾಟರ್‌ನ ಕೊನೆಯ ಭಾಗವನ್ನು 2010, 2011ರಲ್ಲಿ ಎರಡು ಸಿನಿಮಾ ಮಾಡಿದರು. ಅದು ದಪ್ಪ ಪುಸ್ತಕ, ಹೋಗಲಿ ಬಿಡಿ. ರಕ್ತಪಿಶಾಚಿಯನ್ನು ಪ್ರೀತಿಸಿದ ಹುಡುಗಿಯ ಕಥೆ ‘ಟ್ವೈಲೈಟ್’ನವರು ಹಿಂದೆಯೇ ಓಡಿಬಂದು 2011, 2012ರಲ್ಲಿ ಅದನ್ನೇ ಮಾಡಿದರು. ಹಂಗರ್ ಗೇಮ್ಸ್‌ನವರು 2014, 2015ರಲ್ಲಿ. ಎರಡು ಟಿಕೆಟ್ಟು, ಎರಡು ಪಾಪ್‌ಕಾರ್ನು, ನಡುವೆ ಒಂದು ವರ್ಷ. ಮೊದಲ ಭಾಗದಲ್ಲಿ ಎಲ್ಲರೂ ನೆಲಮಾಳಿಗೆಯಲ್ಲಿ ಕೂತು ಎರಡನೇ ಭಾಗಕ್ಕೆ ಕಾಯುತ್ತಾರೆ.

ಇಂಥದೇ ಇನ್ನೊಂದು ಸರಣಿ ‘ಡೈವರ್ಜೆಂಟ್’ನವರಿಗೆ ಮಾತ್ರ ಈ ಲೆಕ್ಕ ಕೈಕೊಟ್ಟಿತು. ಕೊನೆಯ ಪುಸ್ತಕ ‘ಅಲೀಜಿಯಂಟ್’ ಅನ್ನು ಎರಡು ಮಾಡಿ ಮೊದಲರ್ಧವನ್ನು 2016ರಲ್ಲಿ ಬಿಟ್ಟರು. ಜನ ಬರಲಿಲ್ಲ. ಉಳಿದರ್ಧವನ್ನು ಟಿವಿಗೆ ಮಾಡುತ್ತೇವೆ ಅಂದರು, ಆಮೇಲೆ ಅದೂ ಬಿದ್ದುಹೋಯಿತು. ಪುಸ್ತಕದ ಕೊನೆಯಲ್ಲಿ ನಾಯಕಿ ಟ್ರಿಸ್ ಸಾಯುತ್ತಾಳೆ. ಆ ಪುಟ ಓದಿ ಅತ್ತು, ಲೇಖಕಿಗೆ ಶಾಪ ಹಾಕಿದ ಮಕ್ಕಳೆಷ್ಟೋ. ಸಿನಿಮಾದಲ್ಲಿ ಆ ಭಾಗವೇ ಇಲ್ಲವಾದ್ದರಿಂದ ಹುಡುಗಿ ಇವತ್ತಿಗೂ ಗಟ್ಟಿಮುಟ್ಟಾಗಿ ಇದ್ದಾಳೆ. ಕ್ರಾಂತಿ ಉಳಿಸಲಾಗದ ಜೀವವನ್ನು ಖಾಲಿ ಗಲ್ಲಾಪೆಟ್ಟಿಗೆ ಉಳಿಸಿದ ಉದಾಹರಣೆ ಸಾಹಿತ್ಯ ಚರಿತ್ರೆಯಲ್ಲಿ ಇದೊಂದೇ ಇದ್ದೀತು.

ಈ ಪುಸ್ತಕಗಳು ನಮ್ಮಲ್ಲಿಗೂ ಬಂದವು. ಬೆಂಗಳೂರಿನ ಚರ್ಚ್ ಸ್ಟ್ರೀಟಿನ ಹಳೇ ಪುಸ್ತಕದಂಗಡಿಗಳಲ್ಲಿ ಮೂರು ಭಾಗ ರಬ್ಬರ್ ಬ್ಯಾಂಡ್ ಹಾಕಿ ಕೂತವು. ಫುಟ್‌ಪಾತಿನಲ್ಲಿ, ಆಚೆ ಪುಟದ ಅಕ್ಷರ ಈಚೆ ಕಾಣುವ ಕಾಗದದಲ್ಲಿ ನಕಲಿ ಪ್ರತಿಗಳೂ ಬಂದವು. ಮಕ್ಕಳು ಓದಿದರು, ಮೆಚ್ಚಿದರು. ಆದರೆ ಹೆದರುವ ಜಾಗದಲ್ಲಿ ಹೆದರಲಿಲ್ಲ. ಹೆದರಲು ಅಲ್ಲಿ ಹೊಸದೇನಿತ್ತು? ‘ದ ಸೆಲೆಕ್ಷನ್’ ಕಾದಂಬರಿಯಲ್ಲಿ ಭವಿಷ್ಯದ ಸಮಾಜವನ್ನು ಎಂಟು ಜಾತಿಗಳಾಗಿ ವಿಂಗಡಿಸಿ ನಂಬರು ಹಾಕಿದ್ದಾರೆ. ಒಂದನೇ ನಂಬರು ರಾಜಮನೆತನ, ಐದನೆಯದು ಹಾಡುವವರು, ಚಿತ್ರ ಬರೆಯುವವರು. ಯಾರು ಯಾವ ನಂಬರಿನಲ್ಲಿ ಹುಟ್ಟಿದರೋ ಅದೇ ಕಸುಬು, ಕೆಳಗಿನ ನಂಬರಿನ ಹುಡುಗನನ್ನು ಪ್ರೀತಿಸಿದರೆ ಗೋಳು. ಅಮೆರಿಕನ್ನರಿಗೆ ಇದು ಕಲ್ಪನೆಯ ಪರಾಕಾಷ್ಠೆ. ನಮ್ಮೂರಿನ ಅಗ್ರಹಾರ, ಕೇರಿ, ಹಟ್ಟಿ ಸುತ್ತಿ ಬಂದವರಿಗೆ ಎಂಟೇ ಏಕೆ, ಉಳಿದವರು ಎಲ್ಲಿ ಹೋದರು ಅನ್ನುವ ಅನುಮಾನ.

‘ಮ್ಯಾಚ್ಡ್’ ಕಥೆಯಲ್ಲಿ ಹುಡುಗಿಗೆ 17 ತುಂಬಿದಾಗ ಅಧಿಕಾರಿಗಳೇ ಲೆಕ್ಕ ಹಾಕಿ ಗಂಡನ್ನು ಗೊತ್ತು ಮಾಡುತ್ತಾರೆ. ಎಂಥ ಭಯಾನಕ ಸರ್ಕಾರ! ಈ ಕಥೆಯನ್ನು ಪಕ್ಕದ ಮನೆಯ ಹುಡುಗಿ ತನ್ನ ಅಜ್ಜಿಗೆ ಹೇಳುತ್ತಿದ್ದಳು. ಅಜ್ಜಿ ಹೂ ಕಟ್ಟುತ್ತಲೇ ಕೇಳಿದರು: “ಅಲ್ಲ ಕಣೇ, ವರದಕ್ಷಿಣೆ?”

“ಏನೂ ಇಲ್ಲ ಅಜ್ಜಿ.”

“ಛತ್ರದ ಖರ್ಚು?”

“ಅದೂ ಸರ್ಕಾರದ್ದೇ. ಊಟಾನೂ ಅವರೇ ಹಾಕಿಸ್ತಾರೆ.”

“ಮತ್ತೆ ಇದರಲ್ಲಿ ಕಷ್ಟ ಏನೇ ಬಂತು ಆ ಹುಡುಗಿಗೆ?”

‘ಡಿಲೀರಿಯಮ್’ನಲ್ಲಿ ಪ್ರೀತಿ ಅನ್ನುವುದೇ ರೋಗ, 18 ತುಂಬಿದ ಕೂಡಲೇ ಆಪರೇಷನ್ ಮಾಡಿ ವಾಸಿ ಮಾಡುತ್ತಾರೆ. ಅಷ್ಟೆಲ್ಲ ಯಂತ್ರೋಪಕರಣ, ವೈದ್ಯರು ಯಾಕೆ ಬೇಕು ಅಂತ ನನಗೆ ಅರ್ಥವಾಗಲಿಲ್ಲ. ನಮ್ಮಲ್ಲಿ ಈ ರೋಗಕ್ಕೆ ಸೋದರಮಾವಂದಿರು ಮನೆಯಲ್ಲೇ ಚಿಕಿತ್ಸೆ ಕೊಡುತ್ತಾರೆ. ಕೆಲವೊಮ್ಮೆ ರೋಗಿ ಉಳಿಯುವುದಿಲ್ಲ, ಅದು ಬೇರೆ ಮಾತು.

ಇನ್ನು ಡೈವರ್ಜೆಂಟ್‌ನ ಆಯ್ಕೆಯ ದಿನ. ಹದಿನಾರರ ಮಕ್ಕಳು ಅಂಗೈ ಕೊಯ್ದುಕೊಂಡು ಐದು ಬೋಗುಣಿಗಳಲ್ಲಿ ಒಂದಕ್ಕೆ ರಕ್ತ ತೊಟ್ಟಿಕ್ಕಿಸಬೇಕು. ಒಂದರಲ್ಲಿ ಕಲ್ಲು, ಒಂದರಲ್ಲಿ ನೀರು, ಒಂದರಲ್ಲಿ ಮಣ್ಣು, ಒಂದರಲ್ಲಿ ಕೆಂಡ, ಒಂದರಲ್ಲಿ ಗಾಜು. ಒಮ್ಮೆ ಆರಿಸಿದರೆ ಮುಗಿಯಿತು, ಜೀವಮಾನವಿಡೀ ಅದೇ ಪಂಗಡ. ನಮ್ಮಲ್ಲೂ ವಯಸ್ಸು ಅದೇ, ಎಸ್‌ಎಸ್‌ಎಲ್‌ಸಿ ಫಲಿತಾಂಶ ಬಂದ ವಾರ. ಬೋಗುಣಿಗಳು ಪಿಸಿಎಂಬಿ, ಪಿಸಿಎಂಸಿ, ಕಾಮರ್ಸ್, ಆರ್ಟ್ಸ್. ಸಿಇಟಿ, ನೀಟ್ ಕೋಚಿಂಗ್ ಸೇರಿಸಿ ಫೀ ಕಟ್ಟುವುದರಿಂದ ರಕ್ತ ಇಲ್ಲಿ ಅಪ್ಪನದು. ಆ ಕಥೆಯಲ್ಲಿ ಯಾವ ಪಂಗಡಕ್ಕೂ ಸೇರದವರು ಬಸ್ಸು ಓಡಿಸುತ್ತಾರೆ, ಕಸ ಹೊಡೆಯುತ್ತಾರೆ, ಮಾನವಂತರು ಅವರತ್ತ ನೋಡುವುದಿಲ್ಲ. ಇಲ್ಲಿ ಆರ್ಟ್ಸ್ ತೆಗೆದುಕೊಂಡ ಹುಡುಗ ಮದುವೆಮನೆಗೆ ಹೋಗುವುದನ್ನು ಬಿಡುತ್ತಾನೆ, ಯಾರಾದರೂ ‘ಏನ್ ಓದ್ತಿದೀಯಪ್ಪಾ’ ಅಂದುಬಿಟ್ಟರೆ ಅಂತ.

2005ರಲ್ಲಿ ಬಂದ ‘ಅಗ್ಲೀಸ್’ ಪುಸ್ತಕದಲ್ಲಿ 16 ತುಂಬಿದ ಎಲ್ಲರಿಗೂ ಶಸ್ತ್ರಚಿಕಿತ್ಸೆ ಮಾಡಿ ಸುಂದರರನ್ನಾಗಿ ಮಾಡುತ್ತಾರೆ. ಅಲ್ಲಿಯವರೆಗೆ ಎಲ್ಲರೂ ಕುರೂಪಿಗಳು. ರೂಪದ ಹುಚ್ಚನ್ನು ಗೇಲಿ ಮಾಡುವ ಪುಸ್ತಕ. 2024ರಲ್ಲಿ ನೆಟ್‌ಫ್ಲಿಕ್ಸ್ ಅದನ್ನು ಸಿನಿಮಾ ಮಾಡಿತು. ಕುರೂಪಿಗಳ ಪಾತ್ರಕ್ಕೆ ಬಂದವರು ಮಿಂಚುವ ಚರ್ಮದ ಸಿನಿಮಾ ತಾರೆಯರು. ಇವರೇ ಕುರೂಪಿಗಳಾದರೆ ನಾವೆಲ್ಲ ಯಾವ ಲೆಕ್ಕ ಅಂತ ನೋಡಿದವರು ಕನ್ನಡಿ ಹುಡುಕಿಕೊಂಡರು.

ಅಮೆರಿಕದ ಪೋಷಕರು ಹಂಗರ್ ಗೇಮ್ಸ್ ಬಗ್ಗೆ ದೂರು ಕೊಟ್ಟಿದ್ದೂ ಉಂಟು. ಅಲ್ಲಿನ ಗ್ರಂಥಾಲಯ ಸಂಘ ಪ್ರಕಟಿಸಿದ 2011ರ ಆಕ್ಷೇಪಗಳ ಪಟ್ಟಿಯಲ್ಲಿ ಈ ಸರಣಿಗೆ ಮೂರನೇ ಸ್ಥಾನ. ಕಾರಣಗಳಲ್ಲಿ ಹಿಂಸೆ ಇದೆ, ಸರಿ. ಕುಟುಂಬ ವಿರೋಧಿ ಅಂತಲೂ ಇದೆ. ತಂಗಿಯ ಬದಲು ತಾನು ಸಾಯಲು ಹೊರಟ ಅಕ್ಕನ ಕಥೆ ಅದು! ಮಾಟ, ಸೈತಾನ ಪೂಜೆ ಅಂತಲೂ ಇದೆ. ಇಡೀ ಸರಣಿಯಲ್ಲಿ ದೇವರೂ ಇಲ್ಲ, ದೆವ್ವವೂ ಇಲ್ಲ. ದೂರು ಕೊಡಲು ಪುಸ್ತಕ ಓದಿರಬೇಕೆಂಬ ಕಾನೂನು ಯಾವ ದೇಶದಲ್ಲೂ ಇಲ್ಲ ಅನ್ನುವುದು ನಮಗೂ ಗೊತ್ತಿರುವ ವಿಷಯವೇ.

ಈ ಪುಸ್ತಕಗಳನ್ನು ನಿಜವಾಗಿ ಮನಸ್ಸಿಟ್ಟು ಓದಿದವರು ಥಾಯ್ಲೆಂಡಿನ ಸೇನಾಧಿಕಾರಿಗಳು. 2014ರ ಮೇ 22ರಂದು ಜನರಲ್ ಪ್ರಯುತ್ ಚಾನ್-ಒಚಾ ಅಧಿಕಾರ ಕಿತ್ತುಕೊಂಡರು. ಕೆಲವೇ ದಿನಗಳಲ್ಲಿ ಬ್ಯಾಂಕಾಕಿನ ಬೀದಿಯಲ್ಲಿ ಜನ ಕ್ಯಾಟ್ನಿಸ್ ಹಾಗೆ, ಪ್ರತಿರೋಧದ ಗುರುತಾಗಿ, ಮೂರು ಬೆರಳೆತ್ತತೊಡಗಿದರು. ಅಮೆರಿಕದಲ್ಲಿ ಅದು ಫೋಟೋ ತೆಗೆಸಿಕೊಳ್ಳುವ ಭಂಗಿ. ಥಾಯ್ಲೆಂಡಿನಲ್ಲಿ ಹಿಡಿದೊಯ್ಯುವ ಅಪರಾಧ. ರಾಜಕೀಯಕ್ಕಾಗಿ ಐದು ಅಥವಾ ಅದಕ್ಕಿಂತ ಹೆಚ್ಚು ಜನ ಸೇರಬಾರದೆಂದಾಗ ವಿದ್ಯಾರ್ಥಿಗಳು ಸ್ಯಾಂಡ್‌ವಿಚ್ ಹಂಚಿ ತಿನ್ನುವ ಪ್ರತಿಭಟನೆ ಶುರು ಮಾಡಿದರು. ಹೌದು, ಸ್ಯಾಂಡ್‌ವಿಚ್. ದೊಡ್ಡದೊಂದು ಮಾಲ್ ಎದುರು ಸ್ಯಾಂಡ್‌ವಿಚ್ ತಿನ್ನುತ್ತಾ ಜಾರ್ಜ್ ಆರ್ವೆಲ್‌ನ ಸರ್ವಾಧಿಕಾರದ ಕಾದಂಬರಿ ‘1984’ ಓದುತ್ತಿದ್ದ ವಿದ್ಯಾರ್ಥಿಯನ್ನು ಪೊಲೀಸರು ಎಳೆದುಕೊಂಡು ಹೋದರು. ಒಂದು ದೇಶದಲ್ಲಿ ಕ್ರಾಂತಿಯ ಹೆಸರಲ್ಲಿ ಸ್ಯಾಂಡ್‌ವಿಚ್ ಮಾರಿ ವರ್ಷವೂ ಆಗಿರಲಿಲ್ಲ, ಇನ್ನೊಂದು ದೇಶದಲ್ಲಿ ಸ್ಯಾಂಡ್‌ವಿಚ್ಚೇ ಕ್ರಾಂತಿಯಾಗಿ ಜೈಲು ಸೇರಿತು.

ಆ ನವೆಂಬರಿನಲ್ಲಿ ಸರಣಿಯ ಮೂರನೇ ಸಿನಿಮಾ ಅಲ್ಲಿ ಬಿಡುಗಡೆಯಾಗುವ ಹೊತ್ತಿಗೆ ಖೊನ್ ಕೇನ್ ಊರಿನಲ್ಲಿ ಭಾಷಣ ಮಾಡುತ್ತಿದ್ದ ಜನರಲ್ ಎದುರು ಐವರು ವಿದ್ಯಾರ್ಥಿಗಳು ಎದ್ದು ನಿಂತು ಮೂರು ಬೆರಳೆತ್ತಿದರು. ‘ಮನೋಭಾವ ತಿದ್ದಲು’ ಅವರನ್ನು ಸೈನಿಕ ಶಿಬಿರಕ್ಕೆ ಕರೆದೊಯ್ದರು. ಬ್ಯಾಂಕಾಕಿನ ಕೆಲವು ಚಿತ್ರಮಂದಿರಗಳು ಸಿನಿಮಾವನ್ನೇ ಕೈಬಿಟ್ಟವು. ಇತ್ತ ಜನರಲ್ ಸಾಹೇಬರು ಜನರಿಗೆ ಸಂತೋಷ ಮರಳಿಸುವ ಕಾರ್ಯಕ್ರಮ ಹಾಕಿಕೊಂಡಿದ್ದರು. ಬೀದಿಯಲ್ಲಿ ಸಂಗೀತ, ಉಚಿತ ಊಟ, ಉಚಿತ ಕ್ಷೌರ. ಶುಕ್ರವಾರ ಸಂಜೆ ಎಲ್ಲ ಚಾನೆಲ್‌ಗಳಲ್ಲೂ ಅವರದೇ ಮಾತು. ಸಂತೋಷ ಮರಳಿಸುವ ಹಾಡನ್ನೂ ಅವರೇ ಬರೆದರು. ಖಳನಾಯಕ ಸ್ನೋ ಗುಲಾಬಿ ಬೆಳೆಸುತ್ತಾನೆ, ವಿಷ ಹಾಕುತ್ತಾನೆ, ಮಕ್ಕಳ ಮೇಲೆ ಬಾಂಬೂ ಹಾಕಿಸಿದನೆನ್ನುತ್ತಾರೆ. ಹಾಡು ಬರೆಯುವಷ್ಟು ದೂರಕ್ಕೆ ಲೇಖಕಿ ಅವನನ್ನು ಒಯ್ಯಲಿಲ್ಲ. ಯಾರೂ ನಂಬುತ್ತಿರಲಿಲ್ಲ.

ಫ್ಯಾಂಟಸಿಯವರಿಗೂ ಅಲ್ಲಿ ಕೆಲಸ ಸಿಕ್ಕಿತು. 2020ರ ಆಗಸ್ಟಿನಲ್ಲಿ ಪ್ರತಿಭಟನಕಾರರು ಹ್ಯಾರಿ ಪಾಟರ್ ವೇಷ ಹಾಕಿ, ಮಂತ್ರದಂಡ ಹಿಡಿದು ಪ್ರಜಾಪ್ರಭುತ್ವ ಸ್ಮಾರಕದ ಬಳಿ ಸೇರಿದರು. ಅರಸೊತ್ತಿಗೆಯ ಬಗ್ಗೆ ಬಾಯಿಬಿಟ್ಟರೆ ದಂಡಸಂಹಿತೆಯ 112ನೇ ಕಲಮಿನಡಿ ಒಂದೊಂದು ಮಾತಿಗೆ 3ರಿಂದ 15 ವರ್ಷ ಜೈಲು. ಹೆಸರೆತ್ತಬಾರದ ಪಾತ್ರವೊಂದು ಆ ಪುಸ್ತಕದಲ್ಲಿ ಇದೆಯಲ್ಲ, ಅಷ್ಟು ಸಾಕಾಯಿತು. ವಕೀಲ ಆನೊನ್ ನಂಪಾ ಮಾತ್ರ ಯಾರ ಬಗ್ಗೆ ಎಂದು ಬಿಡಿಸಿಯೇ ಹೇಳಿದರು. ಆಮೇಲೆ ಅವರ ಮೇಲೆ ಅದೇ ಕಲಮು ಬಿತ್ತು.

ಜನರಲ್ ಪ್ರಯುತ್ 2023ರವರೆಗೂ ಪ್ರಧಾನಿಯಾಗಿದ್ದರು. ಈ ಯಾವ ಸರಣಿಯೂ ಅಷ್ಟು ದಿನ ಹೌಸ್‌ಫುಲ್ ಓಡಿದ್ದಿಲ್ಲ. ಆ ವರ್ಷ ಚುನಾವಣೆ ನಡೆದು ಹೊಸ ಹುಡುಗರ ಪಕ್ಷವೊಂದು ಎಲ್ಲರಿಗಿಂತ ಹೆಚ್ಚು ಸೀಟು ಗೆದ್ದಿತು. ಸರ್ಕಾರ ಬೇರೆಯವರು ಮಾಡಿದರು. 2024ರಲ್ಲಿ ನ್ಯಾಯಾಲಯ ಗೆದ್ದ ಪಕ್ಷವನ್ನೇ ವಿಸರ್ಜಿಸಿತು. ಕೊನೆಯ ಭಾಗವನ್ನು ಎರಡಾಗಿ ಸೀಳುವ ಚಾಳಿ ಅಲ್ಲಿಗೂ ತಲುಪಿದಂತಿದೆ, ಎರಡನೆಯದರ ಬಿಡುಗಡೆ ದಿನಾಂಕ ಇನ್ನೂ ಹಾಕಿಲ್ಲ.