ಪಂಪು ಗಾಡ್ಯಾಗ, ಗಾಡಿ ಕುಮಟಾದಾಗ

ಕಲಬುರಗಿಯಿಂದ ಕರಾವಳಿಗೆ ಸೈಕಲ್ ತುಳಿಯಲು ಹೋಗುವವರ ದಿನ ಕಾಲಿನಿಂದ ಕೆಡುವುದು ಕಡಿಮೆ. ಪಂಪು, ನೀರು ಹೊತ್ತು ಜೊತೆಗೆ ಬರುವ ಗಾಡಿ ಹಿಂದೆ ಇರಬೇಕಾದಾಗ ಮುಂದೆ, ಮುಂದೆ ಇರಬೇಕಾದಾಗ ಹಿಂದೆ. ಕೆಡುವುದೆಲ್ಲ ಅಲ್ಲೇ. ಕಾಲಿನ ತಯಾರಿ ಭರ್ಜರಿಯಾಗಿಯೇ ನಡೆದಿರುತ್ತದೆ. ಹುಮನಾಬಾದ್ ರಸ್ತೆ ಹಿಡಿದು ಕಮಲಾಪುರದ ತನಕ ತುಳಿದು, ಅಲ್ಲಿನ ಕೆಂಪು ಬಾಳೆಹಣ್ಣು ತಿಂದು, ಬಿಸಿಲೇರುವ ಮೊದಲೇ ಮನೆ ಸೇರುವುದನ್ನು ಎರಡು ತಿಂಗಳು ಬಿಡದೆ ಮಾಡಿದವರಿಗೆ ಕಾರವಾರದಿಂದ ಮುರುಡೇಶ್ವರದವರೆಗಿನ ಹೆಚ್ಚೂಕಮ್ಮಿ 120 ಕಿಲೋಮೀಟರ್ ದೊಡ್ಡದಲ್ಲ. ಗಾಡಿಯ ತಯಾರಿ ಮಾತ್ರ ಹಿಂದಿನ ಸಂಜೆ, 'ಕಾಕಾನ ಬೊಲೆರೋ ಸಿಕ್ಕೈತಿ' ಎಂಬಲ್ಲಿಗೆ ಮುಗಿಯುತ್ತದೆ.

ಬೊಲೆರೋ ಬಂದು ನಿಂತ ಮೇಲೆ, ಸೈಕಲ್ ಹೇರಲೆಂದು ಎರವಲು ತಂದ ಬೆಲ್ಟಿನ ಕ್ಯಾರಿಯರ್ ಅದಕ್ಕೆ ಕೂರುವುದಿಲ್ಲ ಎಂದು ಗೊತ್ತಾಗುತ್ತದೆ. ಹಿಂಬಾಗಿಲಿನ ಮೇಲೆ ಸ್ಟೆಪ್ನಿ ಇದೆಯಲ್ಲ! ಹಾಗಾಗಿ ಮುಂದಿನ ಗಾಲಿ ಬಿಚ್ಚಿ ಸೈಕಲ್‌ಗಳನ್ನು ಒಳಗೆ ತುರುಕುವ ಕೆಲಸ ರಾತ್ರಿ ಹತ್ತಕ್ಕೆ, ಮೊಬೈಲ್ ಟಾರ್ಚಿನ ಬೆಳಕಿನಲ್ಲಿ ಶುರು. ಡಿಸ್ಕ್ ಬ್ರೇಕಿನ ಬಹಳಷ್ಟು ರೋಡ್ ಸೈಕಲ್‌ಗಳಲ್ಲಿ ಗಾಲಿಯ ನಡುವೆ ತೂರಿಸುವ 12 ಮಿಲಿಮೀಟರ್ ದಪ್ಪದ ಆಕ್ಸಲ್ ಇರುತ್ತದೆ. ಬಿಚ್ಚಿದ ತಕ್ಷಣ ಅದನ್ನು ಮತ್ತೆ ಫೋರ್ಕಿಗೇ, ಅಂದರೆ ಮುಂದಿನ ಗಾಲಿ ಹಿಡಿಯುವ ಕವೆಗೇ, ತಿರುಗಿಸಿ ಇಡಬೇಕು. ಇಡದಿದ್ದರೆ ಅದು ಕಂಪೌಂಡ್ ಗೋಡೆಯ ಮೇಲೆ ಕೂತು ನಿಮ್ಮನ್ನು ಬೀಳ್ಕೊಡುತ್ತದೆ. ಗೆಳೆಯನದನ್ನು ಹಾಕಿಕೊಳ್ಳೋಣ ಎಂದರೆ ಉದ್ದ ಬೇರೆ, ತಿರುಪಿನ ಮರೆ ಬೇರೆ. ಗಾಲಿ ಉಂಟು, ಫೋರ್ಕ್ ಉಂಟು, ಎರಡಕ್ಕೂ ಸಂಬಂಧ ಇಲ್ಲ.

ಇನ್ನೊಂದು ಅನಾಹುತ ಸಣ್ಣ ಕೈಗಳದ್ದು. ಗಾಲಿ ಇಲ್ಲದ ಸೈಕಲ್ಲಿನ ಬ್ರೇಕ್ ಹಿಡಿಯನ್ನು ಮನೆಯ ಯಾವುದೋ ಪುಟಾಣಿ ಖುಷಿಯಿಂದ ಒತ್ತುತ್ತದೆ. ಆಯಿಲ್ ಬ್ರೇಕಾದರೆ ಎರಡು ಪ್ಯಾಡ್‌ಗಳೂ ಒಂದಕ್ಕೊಂದು ಅಂಟಿಕೊಂಡು, ಬೆಳಿಗ್ಗೆ ಡಿಸ್ಕ್ ಒಳಗೆ ಹೋಗುವುದೇ ಇಲ್ಲ. ಬಿಚ್ಚುವಾಗಲೇ ನಡುವೆ ದಪ್ಪ ರಟ್ಟಿನ ತುಂಡು ಸಿಗಿಸಿದ್ದರೆ ಈ ಗೋಳಿಲ್ಲ. ಅಂಟಿದ ಮೇಲೆ ಟೈರ್ ಬಿಚ್ಚುವ ಪ್ಲಾಸ್ಟಿಕ್ ಲಿವರಿನಿಂದ ಮೆಲ್ಲಗೆ ಅಗಲಿಸಬೇಕು. ಸ್ಕ್ರೂಡ್ರೈವರ್ ಹಾಕಿದರೆ ಪ್ಯಾಡ್ ಸೀಳುತ್ತದೆ. ಬಳಗದಲ್ಲಿ ಸ್ಕ್ರೂಡ್ರೈವರ್ ಹಾಕಿಯೇ ತೀರುವ ಒಬ್ಬ ಇರುತ್ತಾನೆ, ಅವನ ಕೈಗೆ ಚಹಾದ ಗ್ಲಾಸು ಕೊಟ್ಟು ಕೂರಿಸಿ.

ಜೇವರ್ಗಿ, ಸಿಂದಗಿ, ವಿಜಯಪುರ, ಹುಬ್ಬಳ್ಳಿ, ಯಲ್ಲಾಪುರ ದಾಟಿ ಅರಬೈಲು ಘಾಟಿ ಇಳಿದು ಅಂಕೋಲಾ, ಅಲ್ಲಿಂದ ಬಲಕ್ಕೆ ಕಾರವಾರ. ರಾತ್ರಿಯಿಡೀ ಇಷ್ಟು ದೂರ ಓಡಿಸಿದ ಮನುಷ್ಯನನ್ನೇ ಬೆಳಿಗ್ಗೆ ಆರಕ್ಕೆ ಮತ್ತೆ ಸ್ಟೇರಿಂಗ್ ಮುಂದೆ ಕೂರಿಸಬೇಡಿ. ಒಂದು ದಿನ ಮೊದಲೇ ಹೋಗಿ ಮಲಗಿ. ಇದರಲ್ಲಿ ಮಾತ್ರ ನಗುವಂಥದ್ದು ಏನೂ ಇಲ್ಲ.

ಬೆಳಿಗ್ಗೆ ಎದ್ದರೆ ಒಂದು ಗಾಲಿ ನೆಲಕ್ಕೆ ಕೂತಿರುತ್ತದೆ. ದೂರು ಕಾರವಾರದ ರಸ್ತೆಯ ಮೇಲೆ, ಕಳ್ಳ ಕಲಬುರಗಿಯವನು: ಜಾಲಿ ಮುಳ್ಳು. ಟೈರಿನಲ್ಲಿ ಮುರಿದು ಕೂತ ಮುಳ್ಳಿನ ತುದಿ ದಿನಗಟ್ಟಲೆ ಸುಮ್ಮನಿದ್ದು, ಎಲ್ಲರೂ ಹೆಲ್ಮೆಟ್ ಹಾಕಿಕೊಂಡ ಮೇಲೆ ಟ್ಯೂಬಿಗೆ ತಾಗುತ್ತದೆ. ಹೊಸ ಟ್ಯೂಬ್ ಹಾಕಿ ಹೊರಟರೆ ಹತ್ತು ನಿಮಿಷದಲ್ಲಿ ಮತ್ತೆ ಪಂಚರ್, ಏಕೆಂದರೆ ಮುಳ್ಳು ಇದ್ದಲ್ಲೇ ಇದೆ. ಟೈರಿನ ಒಳಮೈಗೆ ಹತ್ತಿ ಸುತ್ತಿದ ಬೆರಳಾಡಿಸಿ. ಎಳೆ ಎಲ್ಲಿ ಸಿಕ್ಕಿಕೊಳ್ಳುತ್ತದೋ ಅಲ್ಲಿದ್ದಾನೆ ಅವನು. ಹೊರಗಿನಿಂದ ಒತ್ತಿ ಒಳಗಿನಿಂದ ಚಿಮಟದಲ್ಲಿ ಕೀಳಿ. ಟ್ಯೂಬಿನಲ್ಲಿ ಅಕ್ಕಪಕ್ಕ ಎರಡು ತೂತಿದ್ದರೆ ಮುಳ್ಳನ್ನು ಬಯ್ಯಬೇಡಿ. ಗಾಳಿ ಕಡಿಮೆಯಾಗಿ ಸೇತುವೆಯ ಜೋಡಣೆಯ ಅಂಚಿಗೆ ಟ್ಯೂಬ್ ಜಜ್ಜಿದ ಗುರುತು ಅದು. ಸಾಧಾರಣ ತೂಕದವರ 28 ಮಿಲಿಮೀಟರ್ ಟೈರಿಗೆ 75ರಿಂದ 80 ಪಿಎಸ್ಐ ಒತ್ತಡದ ಗಾಳಿ, 32ಕ್ಕೆ 60 ಚಿಲ್ಲರೆ ಸಾಕು. ಹೆದ್ದಾರಿ ಬದಿಯ ಪಂಚರ್ ಅಂಗಡಿಯಲ್ಲಿ ಹೊಡೆಸೋಣ ಎಂದರೆ, ಅವರ ಪೈಪಿನ ಬಾಯಿ ಕಾರಿನ ವಾಲ್ವಿಗೆ. ನಿಮ್ಮದು ಕಡ್ಡಿಯಂಥ ಪ್ರೆಸ್ಟಾ ವಾಲ್ವು. ನಡುವೆ ಬೇಕಾದ ಹಿತ್ತಾಳೆಯ ಅಡಾಪ್ಟರ್ ಕಡಲೆಕಾಳಿಗಿಂತ ತುಸು ದೊಡ್ಡದು, ಬಂಗಾರದಂತೆ ಜೋಪಾನ ಮಾಡಬೇಕಾದ್ದು. ಅದೂ ಗಾಡಿಯಲ್ಲೇ ಇದೆ.

ಗಾಡಿ ಎಲ್ಲಿ? ನಮ್ಮ ಕಡೆಯ ಚಾಲಕರಲ್ಲಿ ಎರಡು ಜಾತಿ. ಮೊದಲನೆಯವರು ಹಜಾರ್ಡ್ ಲೈಟ್ ಹಾಕಿ, ಹಾಡು ಹಚ್ಚಿ, ಸೈಕಲ್ ಹಿಂದೆಯೇ ಇಪ್ಪತ್ತರ ವೇಗದಲ್ಲಿ ಮೆರವಣಿಗೆ ಬರುವವರು. ಗೌರವ ದೊಡ್ಡದು, ಅಪಾಯ ಇನ್ನೂ ದೊಡ್ಡದು. ಹೆದ್ದಾರಿಯಲ್ಲಿ ಹಿಂದಿನಿಂದ ಬರುವ ಬಸ್ಸಿಗೆ ಆ ಬೊಲೆರೋ ನಿಂತ ಗೋಡೆ. ಎರಡನೆಯವರು 'ನೀವು ಬರ್ರಿ ಸಾವಕಾಶ' ಎಂದು ಒಮ್ಮೆ ಹೋದರೆ ಸಿಗುವುದೇ ಇಲ್ಲ. ಬೆವರಿಗೆ ಕೆಡುತ್ತದೆಂದು ಐದೂ ಜನ ಮೊಬೈಲನ್ನು ಗಾಡಿಯಲ್ಲೇ ಇಟ್ಟಿರುತ್ತಾರೆ. ಅಂಕೋಲಾ ದಾಟಿದ ಮೇಲೆ ಗಾಳಿ ಹೋಗುತ್ತದೆ. ಎಳನೀರಿನವರ ಫೋನ್ ಕೇಳಿದರೆ ಕೊಡುತ್ತಾರೆ, 'ನಿಮ್ಮ ಗಾಡಿ ಆಗ್ಲೇ ಹೋಯ್ತಲ್ಲ ಮಾರಾಯ್ರೆ' ಎಂದು ವರದಿಯನ್ನೂ ಕೊಡುತ್ತಾರೆ, ಆದರೆ ಕಾಕಾನ ನಂಬರ್ ಯಾರಿಗೆ ಬಾಯಿಪಾಠ? ನೆನಪಿದ್ದ ಒಂದೇ ನಂಬರ್ ಕಲಬುರಗಿಯ ಮನೆಯದು. ಅಲ್ಲಿಂದ ಸುತ್ತಿ ಸುದ್ದಿ ತಲುಪುತ್ತದೆ.

"ಕಾಕಾ, ಎಲ್ಲಿ ಅದೀರಿ?"

"ಕುಮಟಾದಾಗ ಅದೀನಿ. ಊಟ ಮಾಡ್ಲತ್ತೀನಿ. ಯಾಕ, ನೀವಿನ್ನೂ ಬಂದಿಲ್ಲೇನು?"

ಮದ್ದು ಸರಳ. ಗಾಡಿ 15 ಕಿಲೋಮೀಟರ್ ಮುಂದೆ ಹೋಗಿ ನಿಲ್ಲಬೇಕು, ಕೊನೆಯ ಸವಾರ ದಾಟಿದ ಮೇಲೆಯೇ ಮತ್ತೆ ಹೊರಡಬೇಕು. ಅರ್ಧ ದಾರಿ ಕಳೆದ ಮೇಲೆ 10 ಕಿಲೋಮೀಟರಿಗೆ ಒಂದು ನಿಲುಗಡೆ. ನಿಲ್ಲುವುದು ಎಡಕ್ಕೆ, ಡಾಂಬರಿನಿಂದ ಪೂರ್ತಿ ಕೆಳಗೆ, ಏರಿನ ಬುಡದಲ್ಲಿ. ನೀರು ಬೇಕಾಗುವುದು ಹತ್ತುವ ಮೊದಲು, ಚಾಲಕರಿಗೆ ಗಾಳಿ ಬೇಕಾಗುವುದು ಗುಡ್ಡದ ತುದಿಯಲ್ಲಿ. ಈ ಜಗಳ ಹೊರಡುವ ಮೊದಲೇ ತೀರಬೇಕು. ಹಿಂದಿನ ಸ್ಟೆಪ್ನಿಗೆ ಕೆಂಪು ಟವೆಲ್ ಕಟ್ಟಿದರೆ ದೂರದಿಂದ ಕಾಣುತ್ತದೆ. ಒಂದು ಟ್ಯೂಬ್, ಎರಡು ಲಿವರ್, ಕೈಪಂಪು, ಚಾಲಕರ ನಂಬರ್ ಬರೆದ ಚೀಟಿ ಪ್ರತಿ ಸೈಕಲ್ಲಿನಲ್ಲೂ ಇರಬೇಕು. ಇಷ್ಟಿದ್ದರೆ ಕಾಕಾ ನೆಮ್ಮದಿಯಾಗಿ ಉಣ್ಣಬಹುದು.

ಪಕ್ಕದಲ್ಲೇ ಕಡಲು, ಅಂದರೆ ರಸ್ತೆ ಸಪಾಟು ಎಂದು ನಂಬಿ ಬರುವ ಬಯಲುಸೀಮೆಯವರಿಗೆ ಇನ್ನೊಂದು ಪಾಠ ಕಾದಿದೆ. ಗಂಗಾವಳಿ, ಅಘನಾಶಿನಿ, ಶರಾವತಿ ದಾಟುವ ಈ ದಾರಿ ಹೊಳೆಗೆ ಇಳಿಯುತ್ತದೆ, ಮತ್ತೆ ಗುಡ್ಡ ಹತ್ತುತ್ತದೆ, ಬಹಳಷ್ಟು ಹೊತ್ತು ಕಡಲು ಕಾಣುವುದೇ ಇಲ್ಲ. ಚಳಿಗಾಲದಲ್ಲಿ ಕಾರವಾರದಿಂದ ದಕ್ಷಿಣಕ್ಕೆ ತುಳಿಯಬೇಕು. ಮಧ್ಯಾಹ್ನ ವಾಯವ್ಯದಿಂದ ಬೀಸುವ ಕಡಲಗಾಳಿ ಆಗ ಬೆನ್ನಿಗಿರುತ್ತದೆ. ಹೋಟೆಲ್ ಅಗ್ಗ ಸಿಕ್ಕಿತೆಂದು ಉಲ್ಟಾ ಹೊರಟವರು ಉಳಿಸಿದ ದುಡ್ಡನ್ನು ಗಾಳಿಗೆ ಕಟ್ಟುತ್ತಾರೆ.

ಬೆವರಿನ ಲೆಕ್ಕವೂ ಬೇರೆ. ಕಲಬುರಗಿಯಲ್ಲಿ ಬೆವರು ಹಾಗೇ ಆರಿ ಅಂಗಿಯ ಮೇಲೆ ಬಿಳಿ ಗೆರೆಯಾಗುತ್ತದೆ. ಇಲ್ಲಿ ಆರುವುದಿಲ್ಲ, ಸುರಿಯುತ್ತದೆ. ಗಂಟೆಗೆ ಅರ್ಧದಿಂದ ಮುಕ್ಕಾಲು ಲೀಟರ್ ನೀರು ಬೇಕು. ಒಂದು ಲೀಟರಿಗೆ ಅಳೆದ ಓಆರ್‌ಎಸ್ ಪೊಟ್ಟಣವನ್ನು ಶಕ್ತಿ ಜಾಸ್ತಿ ಬರಲಿ ಎಂದು ಅರ್ಧ ಲೀಟರ್ ಬಾಟಲಿಗೆ ಸುರಿದವರಿಗೆ ಹೊಟ್ಟೆ ತೊಳಸಿ, ಹೊನ್ನಾವರದಲ್ಲಿ ಸೈಕಲ್‌ಗಿಂತ ಶೌಚಾಲಯದ ಹುಡುಕಾಟವೇ ಹೆಚ್ಚಾಗುತ್ತದೆ. ಎಳನೀರಿನಲ್ಲಿ ಪೊಟ್ಯಾಷಿಯಂ ಧಾರಾಳ, ಸೋಡಿಯಂ ಕಮ್ಮಿ, ಹಾಗಾಗಿ ಜೊತೆಗೆ ಉಪ್ಪು ಹಾಕಿ ಹುರಿದ ಶೇಂಗಾ. ಪ್ಯಾಡ್ ಇರುವ ಚಡ್ಡಿಯ ಒಳಗೆ ಇನ್ನೊಂದು ಚಡ್ಡಿ ಹಾಕುವ ಸಭ್ಯರಿಗೆ ಆ ಹೊಲಿಗೆಯ ಗೆರೆ ಎಲ್ಲೆಲ್ಲಿದೆ ಎಂಬುದು ಸಂಜೆ ಸ್ನಾನದಲ್ಲಿ ತಿಳಿಯುತ್ತದೆ. ಒಳಗೇನೂ ಬೇಡ, ತುಸು ವ್ಯಾಸಲೀನ್ ಸಾಕು.

ಮತ್ತೆ ಖಡಕ್ ರೊಟ್ಟಿ. ವಾರಗಟ್ಟಲೆ ಕೆಡದ ಜೋಳದ ರೊಟ್ಟಿಯ ಕಟ್ಟನ್ನು ಮನೆಯವರು ಪ್ರೀತಿಯಿಂದ ಕಟ್ಟಿರುತ್ತಾರೆ. ಕರಾವಳಿಯ ಹವಾಕ್ಕೆ ಬಿಚ್ಚಿಟ್ಟರೆ ಮಧ್ಯಾಹ್ನದ ಹೊತ್ತಿಗೆ ಅದು ಮೆತ್ತಗೆ, ಮಡಿಚಿದರೂ ಮುರಿಯದಷ್ಟು. ಗಾಳಿಯಾಡದ ಸ್ಟೀಲ್ ಡಬ್ಬಿಯಲ್ಲಿಡಬೇಕು. ಸೈಕಲ್ ಮೇಲೆ ತಿನ್ನಲು ಶೇಂಗಾ ಹೋಳಿಗೆಯೇ ಮೇಲು. ರೊಟ್ಟಿ ಕಾಕಾನಿಗಿರಲಿ, ಅನ್ನ ಎಷ್ಟು ಬಡಿಸಿದರೂ ಅದು ಊಟ ಎಂದು ಅವರು ಒಪ್ಪುವುದಿಲ್ಲ.

ಮುರುಡೇಶ್ವರ ಮುಟ್ಟಿದಾಗ ಸೈಕಲ್ ಮೀಟರ್ 120 ತೋರಿಸಿದರೆ ಗಾಡಿಯದು 190. ಪಂಪು ಕೊಡಲು ಹಿಂದೆ, ಐಸ್ ತರಲು ಮುಂದೆ, ಕನ್ನಡಕ ಹುಡುಕಲು ಮತ್ತೆ ಹಿಂದೆ. ಡೀಸೆಲ್ ದುಡ್ಡನ್ನು ಸವಾರರಷ್ಟೇ ಹಂಚಿಕೊಳ್ಳಬೇಕು, ಚಾಲಕರ ತಲೆ ಲೆಕ್ಕಕ್ಕಿಲ್ಲ. ಅಂದೇ ರಾತ್ರಿ ಸಾದಾ ನೀರಿನಲ್ಲಿ ಸೈಕಲ್ ಒರೆಸಿ ಚೈನಿಗೆ ಎಣ್ಣೆ ಬಿಡಿ, ಉಪ್ಪು ಗಾಳಿಗೆ ತುಕ್ಕು ತಡಮಾಡುವುದಿಲ್ಲ. ಊರಿಗೆ ಹೋಗಿ ತೊಳೆಸೋಣ ಎಂದು ಬಿಟ್ಟರೆ, ಬೊಲೆರೋ ತೊಳೆಯುವ ಹುಡುಗ ಅದೇ ಪ್ರೆಷರ್ ಗನ್ನನ್ನು ನೀವು 'ಬ್ಯಾಡೋ' ಅನ್ನುವಷ್ಟರಲ್ಲಿ ಬೇರಿಂಗಿಗೇ ಹಿಡಿದು, ಒಳಗಿನ ಗ್ರೀಸನ್ನೆಲ್ಲ ಓಡಿಸಿ, "ಹ್ಯಾಂಗ ಹೊಳೀಲತ್ತೈತಿ ನೋಡ್ರಿ ಸರ" ಎಂದು ನೂರು ರೂಪಾಯಿ ಕೇಳುತ್ತಾನೆ.