ವಿಮಾನಗಳ ದಾರಿ ಕಾಯುವ ಯಂತ್ರ: ಅದರ ಮಾತು ಎಷ್ಟು ಕೇಳಬೇಕು?

ಪರ: ಮರೆವಿಲ್ಲದ ಒಂದು ಕಣ್ಣು ಬೇಕು

2023ರ ಜನವರಿ 13ರ ರಾತ್ರಿ. ನ್ಯೂಯಾರ್ಕಿನ ಜೆಎಫ್‌ಕೆ ನಿಲ್ದಾಣದಲ್ಲಿ ಒಂದು ವಿಮಾನ ಟೇಕ್ ಆಫ್‌ಗೆ ಓಟ ಶುರು ಮಾಡಿತ್ತು. ದಾರಿ ತಪ್ಪಿದ ಇನ್ನೊಂದು ವಿಮಾನ ಅದೇ ರನ್‌ವೇಗೆ ಅಡ್ಡ ಬಂತು. ನೆಲದ ಮೇಲೆ ಓಡಾಡುವ ವಿಮಾನಗಳನ್ನು ಗಮನಿಸುವ ಯಂತ್ರ ಟವರ್‌ನಲ್ಲಿ ಅಲಾರಾಂ ಕೊಟ್ಟಿತು. ವಿಮಾನಗಳಿಗೆ ದಾರಿ ಹೇಳುವ ಕಂಟ್ರೋಲರ್ ತಕ್ಷಣ ಟೇಕ್ ಆಫ್ ರದ್ದು ಮಾಡಿದರು. ಓಡುತ್ತಿದ್ದ ವಿಮಾನ ನಿಂತಿತು. ಯಾರಿಗೂ ಏನೂ ಆಗಲಿಲ್ಲ.

ಮೂರು ವಾರ ಕಳೆದ ಮೇಲೆ, ಫೆಬ್ರವರಿ 4ರಂದು, ಟೆಕ್ಸಾಸ್‌ನ ಆಸ್ಟಿನ್‌ನಲ್ಲಿ ದಟ್ಟ ಮಂಜು. ಕಾರ್ಗೋ ವಿಮಾನವೊಂದು ಇಳಿಯಲು ಬರುತ್ತಿತ್ತು. ಕಂಟ್ರೋಲರ್ ಅದೇ ರನ್‌ವೇ ಮೇಲೆ ಇನ್ನೊಂದು ವಿಮಾನಕ್ಕೆ ಟೇಕ್ ಆಫ್ ಅನುಮತಿ ಕೊಟ್ಟುಬಿಟ್ಟರು. ಜೆಎಫ್‌ಕೆಯಲ್ಲಿದ್ದಂಥ ಯಂತ್ರ ಅಲ್ಲಿರಲಿಲ್ಲ. ಕಿಟಕಿಯಿಂದ ನೋಡಿದರೆ ಬರೀ ಬಿಳುಪು. ಕೊನೆಗೆ ಕಾರ್ಗೋ ಪೈಲಟ್‌ಗಳೇ ಅಪಾಯ ಅರಿತು ವಿಮಾನವನ್ನು ಮತ್ತೆ ಮೇಲಕ್ಕೆತ್ತಿದರು. ಎರಡರ ನಡುವೆ ಉಳಿದದ್ದು 200 ಅಡಿಗಿಂತ ಕಡಿಮೆ. ಜನ ಬದುಕಿದ್ದು ಪೈಲಟ್‌ಗಳ ಚುರುಕಿನಿಂದ. ಸ್ವಲ್ಪ ಅದೃಷ್ಟವೂ ಇತ್ತು ಅನ್ನಿ.

ಕಂಟ್ರೋಲರ್‌ಗಳು ಅಸಡ್ಡೆಯವರು ಅಂತ ನಾನು ಹೇಳುತ್ತಿಲ್ಲ. ಅವರ ತಲೆ ಮೇಲಿನ ಹೊರೆ ಅಂಥದ್ದು. 1991ರಲ್ಲಿ ಲಾಸ್ ಏಂಜಲೀಸ್‌ನಲ್ಲಿ ಒಂದು ಚಿಕ್ಕ ವಿಮಾನವನ್ನು ರನ್‌ವೇ ಮೇಲೆ ಕಾಯಲು ಹೇಳಿ, ಬೇರೆ ಕೆಲಸದ ಗಡಿಬಿಡಿಯಲ್ಲಿ ಅದು ಅಲ್ಲಿದೆ ಅನ್ನೋದೇ ಮರೆತುಹೋಯಿತು. ಇಳಿಯಲು ಬಂದ ದೊಡ್ಡ ವಿಮಾನ ಅದರ ಮೇಲೇ ಬಂತು. 30ಕ್ಕೂ ಜಾಸ್ತಿ ಜನ ಸತ್ತರು. ಒಲೆ ಮೇಲೆ ಹಾಲಿಟ್ಟು ಮರೆಯುವ ಹಾಗೆ ಅವತ್ತು ಮರೆತದ್ದು ಒಂದು ವಿಮಾನವನ್ನು.

ಇನ್ನೊಂದು ಮಾತು. 2002ರ ಜುಲೈ 1ರ ರಾತ್ರಿ ಜರ್ಮನಿಯ ಉಬರ್ಲಿಂಗನ್ ಮೇಲೆ ಎರಡು ವಿಮಾನ ಎದುರಾದವು. ಡಿಕ್ಕಿ ತಪ್ಪಿಸಲು ವಿಮಾನದೊಳಗೇ ಇರುವ ಟಿಕ್ಯಾಸ್ ಯಂತ್ರ ಒಂದಕ್ಕೆ 'ಏರು' ಅಂದಿತು, ಇನ್ನೊಂದಕ್ಕೆ 'ಇಳಿ' ಅಂದಿತು. ಆದರೆ ಏರಬೇಕಾದ ವಿಮಾನಕ್ಕೆ ಕಂಟ್ರೋಲರ್ ಇಳಿಯಲು ಹೇಳಿದ್ದರು. ಅದು ಕಂಟ್ರೋಲರ್ ಮಾತು ಕೇಳಿತು. ಎರಡೂ ಇಳಿದವು. 71 ಜನ ಹೋದರು. ಟಿಕ್ಯಾಸ್ ಆದೇಶ ಬಂದರೆ ಕಂಟ್ರೋಲರ್ ಬೇರೆ ಹೇಳಿದರೂ ಟಿಕ್ಯಾಸ್ ಮಾತನ್ನೇ ಕೇಳಬೇಕು ಅನ್ನೋದು ಆಮೇಲೆ ನಿಯಮಗಳಲ್ಲಿ ಸ್ಪಷ್ಟವಾಯಿತು. ಕೊನೆಯ ಕ್ಷಣದಲ್ಲಿ ಯಾರನ್ನು ನಂಬಬೇಕು ಅನ್ನೋ ಚರ್ಚೆ ನನ್ನ ಪ್ರಕಾರ ಅಲ್ಲಿಗೇ ಮುಗಿದಿದೆ.

ವಿರೋಧ: ಊರುಗೋಲೇ ಕಾಲಾಗಬಾರದು

ಕೊನೆಯ ಕ್ಷಣದ ಟಿಕ್ಯಾಸ್ ಬಗ್ಗೆ ನನಗೂ ತಕರಾರಿಲ್ಲ. ಆದರೆ ಅದೇ ರಾತ್ರಿಯ ಇನ್ನೊಂದು ಬದಿ ನೋಡಿ. ಆ ಆಕಾಶವನ್ನು ನೋಡಿಕೊಳ್ಳುತ್ತಿದ್ದ ಸ್ವಿಟ್ಜರ್ಲೆಂಡ್‌ನ ಜ್ಯೂರಿಕ್‌ನ ಕೋಣೆಯಲ್ಲಿ ಒಬ್ಬರೇ ಕಂಟ್ರೋಲರ್ ಎರಡು ಪರದೆ ನೋಡಿಕೊಳ್ಳುತ್ತಿದ್ದರು. ಜೊತೆಗಿದ್ದವರು ವಿಶ್ರಾಂತಿಗೆ ಹೋಗಿದ್ದರು. ಡಿಕ್ಕಿಯ ಸುಳಿವು ಕಂಡರೆ ಪರದೆ ಮೇಲೆ ಎಚ್ಚರಿಸುವ ಸೌಲಭ್ಯ ರಿಪೇರಿ ಕೆಲಸದಿಂದ ಬಂದ್ ಆಗಿತ್ತು. ಮುಖ್ಯ ಫೋನ್ ಲೈನೂ ಇರಲಿಲ್ಲ. ಯಂತ್ರ ಇದೆ ಅಂತ ಜನರನ್ನು ಕಡಿಮೆ ಮಾಡೋದು, ಆಮೇಲೆ ಯಂತ್ರವನ್ನೂ ಆಫ್ ಮಾಡೋದು! ಅವಲಂಬನೆ ಶುರುವಾಗೋದು ಪರದೆಯಲ್ಲಲ್ಲ, ಡ್ಯೂಟಿ ಪಟ್ಟಿಯಲ್ಲಿ.

ಕಂಟ್ರೋಲರ್‌ಗಳು 'ಪಿಕ್ಚರ್' ಅನ್ನುತ್ತಾರೆ. ಯಾವ ವಿಮಾನ ಎಲ್ಲಿದೆ, ಐದು ನಿಮಿಷಕ್ಕೆ ಎಲ್ಲಿರುತ್ತೆ ಅನ್ನೋದು ತಲೆಯೊಳಗೆ ಓಡುವ ಚಿತ್ರ. ಮೊದಲೆಲ್ಲ ಒಂದೊಂದು ವಿಮಾನಕ್ಕೂ ಒಂದು ಕಾಗದದ ಸ್ಟ್ರಿಪ್ ಇರುತ್ತಿತ್ತು. ಎತ್ತರ ಬದಲಾದರೆ ಹಳೇದನ್ನು ಗೀಚಿ ಹೊಸದು ಬರೆಯಬೇಕು. ಸಾಲಿನಲ್ಲಿ ಜಾಗ ಬದಲಾದರೆ ಬೆರಳಿಂದ ಸರಿಸಬೇಕು. ಕೈ ಮಾಡಿದ್ದು ತಲೆಯಲ್ಲಿ ಉಳಿಯುತ್ತಿತ್ತು. ಈಗ ಪರದೆಯೇ ತಾನಾಗಿ ಎಷ್ಟೋ ಬದಲಿಸಿಕೊಳ್ಳುತ್ತೆ. ಕೆಲಸ ಹಗುರ, ನಿಜ. ಪರದೆ ಕಪ್ಪಾದ ದಿನ ತಲೆಯಲ್ಲಿ ಎಷ್ಟು ಚಿತ್ರ ಉಳಿದಿರುತ್ತೆ?

ಪರದೆ ಕಪ್ಪಾಗಲೇಬೇಕು ಅಂತಿಲ್ಲ, ಒಂದು ಹೆಸರು ಸಾಕು. 2023ರ ಆಗಸ್ಟ್ 28ರಂದು ಬ್ರಿಟನ್‌ನ ವಿಮಾನ ಸಂಚಾರ ವ್ಯವಸ್ಥೆಗೆ ಒಂದು ಫ್ಲೈಟ್ ಪ್ಲಾನ್, ಅಂದರೆ ವಿಮಾನ ಹೋಗುವ ದಾರಿಯ ವಿವರ, ಬಂತು. ಅದರಲ್ಲಿ ಡಿವಿಎಲ್ ಅನ್ನೋ ಒಂದೇ ಗುರುತಿನ ಎರಡು ಜಾಗ ಇದ್ದವು: ಫ್ರಾನ್ಸ್‌ನ ಡೋವಿಲ್, ಅಮೆರಿಕದ ಡೆವಿಲ್ಸ್ ಲೇಕ್. ಸಾಫ್ಟ್‌ವೇರ್ ಗಲಿಬಿಲಿಯಾಗಿ ನಿಂತಿತು. ಬ್ಯಾಕಪ್‌ನಲ್ಲಿ ಇದ್ದದ್ದೂ ಅದೇ ಸಾಫ್ಟ್‌ವೇರ್. ಅರ್ಧ ನಿಮಿಷದೊಳಗೆ ಅದೂ ನಿಂತಿತು. ಪ್ಲಾನ್‌ಗಳನ್ನು ಕೈಯಿಂದ ಹಾಕಬೇಕಾಗಿ ಬಂತು. 7 ಲಕ್ಷಕ್ಕೂ ಜಾಸ್ತಿ ಪ್ರಯಾಣಿಕರು ಪರದಾಡಿದರು. ಜೀವ ಹೋಗಲಿಲ್ಲ, ಸರಿ. ಆದರೆ ಒಂದೇ ದಡ್ಡತನಕ್ಕೆ ಎರಡು ಪ್ರತಿ ಮಾಡಿಟ್ಟರೆ ಅದು ಬ್ಯಾಕಪ್ ಅಲ್ಲ, ಅಲ್ವಾ?

ಯಂತ್ರಕ್ಕೆ ಕಲಿಸದ ತಪ್ಪು ಅದಕ್ಕೆ ಕಾಣೋದೂ ಇಲ್ಲ. 2017ರಲ್ಲಿ ಸ್ಯಾನ್ ಫ್ರಾನ್ಸಿಸ್ಕೋದಲ್ಲಿ ಒಂದು ವಿಮಾನ ರನ್‌ವೇ ಅಂದುಕೊಂಡು ಟ್ಯಾಕ್ಸಿವೇಗೆ, ಅಂದರೆ ವಿಮಾನಗಳು ರನ್‌ವೇಗೆ ಹೋಗಿ ಬರುವ ದಾರಿಗೆ, ಇಳಿಯಲು ಬಂತು. ಅಲ್ಲಿ ನಾಲ್ಕು ವಿಮಾನ ಸಾಲಾಗಿ ನಿಂತಿದ್ದವು. ಎಚ್ಚರಿಕೆ ವ್ಯವಸ್ಥೆ ತೆಪ್ಪಗಿತ್ತು. ಟ್ಯಾಕ್ಸಿವೇ ಮೇಲೆ ಯಾರಾದರೂ ಇಳಿದಾರು ಅಂತ ಅದಕ್ಕೆ ಹೇಳಿಕೊಟ್ಟಿರಲಿಲ್ಲ. ಕೆಳಗೆ ಕಾಯುತ್ತಿದ್ದ ಪೈಲಟ್ ಒಬ್ಬರು ರೇಡಿಯೋದಲ್ಲಿ ಕೂಗಿದರು.

ಇನ್ನು ಯಂತ್ರ ಸರಿಯಾಗೇ ಹೇಳಿದರೂ? 2024ರ ಜನವರಿ 2, ಟೋಕಿಯೋದ ಹನೇಡಾ. ಕೋಸ್ಟ್ ಗಾರ್ಡ್ ವಿಮಾನವೊಂದು ಅನುಮತಿಯಿಲ್ಲದೆ ರನ್‌ವೇ ಮೇಲೆ ಬಂದು ನಿಂತಿತ್ತು. ಟವರ್‌ನ ಪರದೆ ರನ್‌ವೇಯನ್ನು ಹಳದಿ ಮಾಡಿತು, ವಿಮಾನದ ಗುರುತನ್ನು ಕೆಂಪು ಮಾಡಿತು. ಸುಮಾರು ಒಂದು ನಿಮಿಷ ಹಾಗೇ ಇತ್ತು. ಕಂಟ್ರೋಲರ್ ಅದನ್ನು ಗಮನಿಸಲಿಲ್ಲ. ಇಳಿಯಲು ಬಂದ ಪ್ರಯಾಣಿಕರ ವಿಮಾನ ಅದಕ್ಕೆ ಡಿಕ್ಕಿ ಹೊಡೆಯಿತು. ಪ್ರಯಾಣಿಕರ ವಿಮಾನದಲ್ಲಿದ್ದ 379 ಜನ ಹೇಗೋ ಹೊರಬಂದರು. ಕೋಸ್ಟ್ ಗಾರ್ಡ್‌ನ ಐದು ಮಂದಿ ಬದುಕಲಿಲ್ಲ. ಕೆಲವೇ ದಿನಗಳಲ್ಲಿ ಹನೇಡಾ ಟವರ್‌ನಲ್ಲಿ ಆ ಪರದೆಯನ್ನೇ ನೋಡುತ್ತ ಕೂರಲು ಬೇರೆ ಸಿಬ್ಬಂದಿಯನ್ನು ಹಾಕಿದರು.